ಅಕ್ಕನ ಕಣ್ಣಿಗೆ ಅಚ್ಚಿರಲಿಲ್ಲ

ನನ್ನ ಅಕ್ಕ ಜಯಶೀಲ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಎಡಗಣ್ಣಿಗೆ ಸೆರಗು ಒತ್ತಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ನಾನು ಗಿರಾಕಿಯೊಬ್ಬರ ಲೆನ್ಸಿನ ಅಂಚು ಸವರುತ್ತಿದ್ದೆ. ಅವಳು ಬೆಂಚಿನ ಮೇಲೆ ಕೂತು, ಗಿರಾಕಿ ಹೋಗುವ ತನಕ ಕಾದಳು. ಆಮೇಲೆ, "ಕೊಟ್ರಾ, ಸ್ವಲ್ಪ ನೋಡೋ. ಮೂರು ದಿನದಿಂದ ಮರಳು ಬಿದ್ದಂಗೆ ಆಗ್ತೈತೆ," ಎಂದಳು. ಸೆರಗು ತೆಗೆದಾಗ ಕಣ್ಣು ಕೆಂಡದ ಹಾಗಿತ್ತು. ರೆಪ್ಪೆ ಬಿಡಿಸಿ ನೋಡಿದೆ. ಕರಿಗುಡ್ಡೆಯ ಅಂಚಿನಲ್ಲಿ ರಾಗಿಕಾಳಿನಷ್ಟು ಚಿಕ್ಕ ಬಿಳಿ ಚುಕ್ಕೆಯೊಂದು ಕೂತಿತ್ತು.

"ಲೆನ್ಸು ಯಾವಾಗ ತೆಗೆದಿದ್ದೆ?"

"ತೆಗೆಯೋದು ಅಂದ್ರೆ?"

"ಮಲಗೋವಾಗ ತೆಗೆದಿಡಬೇಕಲ್ಲಕ್ಕಾ."

"ನಮ್ಮನೇಲಿ ಅದನ್ನೆಲ್ಲ ಯಾರು ಮಾಡ್ತಾರೆ? ಜಾವಕ್ಕೇ ಮೊದಲ ಬಸ್ಸು ಹೊರಡ್ತದೆ. ಎದ್ದ ತಕ್ಷಣ ಬುತ್ತಿ ಕಟ್ಟಬೇಕು. ಕಣ್ಣಾಗೇ ಇರಲಿ ಅಂತ ಬಿಡೋದು."

ನಮ್ಮ ಊರಿನಲ್ಲಿ ಹನ್ನೆರಡು ತುಂಬಿದ ಮೇಲೆ ಲೆನ್ಸಿಲ್ಲದವರು ಯಾರೂ ಇಲ್ಲ. ಪ್ರತಿ ಮನೆಗೂ ಒಂದೊಂದು ಅಚ್ಚಿದೆ. ಹೆಬ್ಬೆರಳಿನಷ್ಟು ದಪ್ಪದ, ಬಳಪದ ಕಲ್ಲಿನ ಅಚ್ಚು. ಆ ಮನೆಯವರೆಲ್ಲರ ಲೆನ್ಸನ್ನೂ ಅದೇ ಅಚ್ಚಿನ ಮೇಲೆ ಕೊರೆಯುವುದು. ಮೊದಲ ಆರು ತಿಂಗಳು ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಕಣ್ಣಿನ ಮುಂಭಾಗದ ಪೊರೆ ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿನದು. ಮೇಲೆ ಕೂತ ಲೆನ್ಸಿನ ಬಾಗನ್ನು ನಿಧಾನವಾಗಿ ಕಲಿತುಬಿಡುತ್ತದೆ. ಕಲಿತ ಮೇಲೆ ಆ ಮನೆಯವರೆಲ್ಲರಿಗೂ ಒಂದೇ ಥರ ಕಾಣುತ್ತದೆ. ಬಸ್ಸು ಓಡಿಸುವವರ ಮನೆಯ ಅಚ್ಚು ದೂರಕ್ಕೆ ಹೇಳಿ ಮಾಡಿಸಿದ್ದು. ಅವರ ಮನೆಯ ಅಜ್ಜಿಯೂ ಕೆರೆಯ ಆಚೆ ದಡದ ಮೈಲಿಗಲ್ಲನ್ನು ಓದಿಹೇಳಬಲ್ಲಳು, ಆದರೆ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಗೆ ಹೋಗಬೇಕು. ಲೆನ್ಸು ಕೊರೆಯುವ ನಮಗೆ ಇರುವೆಯ ಮೀಸೆ ಕಾಣುತ್ತದೆ, ರಸ್ತೆಯ ಆಚೆ ನಿಂತವರು ನೆಂಟರೋ ಅಪರಿಚಿತರೋ ತಿಳಿಯುವುದಿಲ್ಲ. ನಾವು ಮಾತಾಡಿಸದೆ ಮುಂದೆ ಹೋದೆವೆಂದು ಊರಿನಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮದುವೆಯಾಗಿ ಹೋದ ಹೆಣ್ಣು ಆ ಮನೆಯ ಅಚ್ಚಿಗೆ ಬದಲಾಗಬೇಕು. ಧಾರೆಯಾದ ಮೂರನೇ ದಿನ ತವರಿನ ಲೆನ್ಸು ತೆಗೆದು ಅಲ್ಲೇ ಹೊಸದನ್ನು ಹಾಕುತ್ತಾರೆ. ಆರು ತಿಂಗಳು ಅವಳನ್ನು ಹೊಸ ಕಣ್ಣಿನ ಸೊಸೆ ಎಂದು ಕರೆಯುತ್ತಾರೆ. ಒಲೆ ಹಚ್ಚಲು ಹೇಳುವುದಿಲ್ಲ, ಬಾವಿಕಟ್ಟೆಗೆ ಒಬ್ಬಳನ್ನೇ ಕಳಿಸುವುದಿಲ್ಲ. ಅಷ್ಟು ದಯೆ ನಮ್ಮ ಊರಿಗಿದೆ.

ಮದುವೆಗೆ ಮುಂಚೆ ಅಕ್ಕ ರಫು ಹಾಕುತ್ತಿದ್ದಳು. ಇಲಿ ಕಡಿದ, ಕಿಡಿ ಬಿದ್ದು ಸುಟ್ಟ ರೇಷ್ಮೆ ಸೀರೆಗಳನ್ನು ಜನ ಅವಳ ಹತ್ತಿರ ತರುತ್ತಿದ್ದರು. ಅದೇ ಸೀರೆಯ ಒಳಮಡಿಕೆಯಿಂದ ಎಳೆ ತೆಗೆದು ಅವಳು ಮುಚ್ಚಿದ ತೂತನ್ನು ಸೀರೆಯ ಒಡತಿಗೂ ಹುಡುಕಲಾಗುತ್ತಿರಲಿಲ್ಲ. ಅವಳಿಗೆ ಇಪ್ಪತ್ತೆರಡು, ನನಗೆ ಇಪ್ಪತ್ತು ಇದ್ದಾಗ ಬಸ್ಸಿನವರ ಮನೆಯ ರುದ್ರಮುನಿಯ ಜೊತೆ ಮದುವೆ ಗೊತ್ತಾಯಿತು. ಆ ವರ್ಷವೇ ನನಗೆ ಊರಿನ ಅಚ್ಚುಗಳನ್ನೆಲ್ಲ ಕಾಯುವ ಅಚ್ಚುಮನೆಯಿಂದ ಮುದ್ರೆ ಸಿಕ್ಕಿತ್ತು, ಅಂದರೆ ಸ್ವಂತವಾಗಿ ಲೆನ್ಸು ಕೊರೆಯುವ ಹಕ್ಕು. "ಅಕ್ಕಂದು ನೀನೇ ಕೊರೆಯೋ," ಎಂದರು ಅಪ್ಪ. ನಾನು ಕೊರೆದ ಮೊದಲ ಜೋಡಿ ಅದು. ಚೆನ್ನಾಗಿಯೇ ಕೊರೆದಿದ್ದೆ. ಮೂರನೇ ದಿನ ಅದನ್ನು ಅವಳ ಕಣ್ಣಿಗೆ ಹಾಕಿದವನೂ ನಾನೇ. ಅವಳು ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಕೊಟ್ರಾ, ಬೆರಳು ಕಾಣ್ತಿಲ್ಲ ಕಣೋ," ಎಂದಳು. "ಆರು ತಿಂಗಳು ಅಷ್ಟೇ ಅಕ್ಕಾ," ಎಂದೆ. ಆರು ತಿಂಗಳಿಗೆ ತಲೆನೋವು ಹೋಯಿತು. ಸೂಜಿಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ಆ ಬುಧವಾರ ನಾನು ಹನಿ ಹಾಕಿ, ಸಡಿಲಿಸಿ, ಎರಡೂ ಲೆನ್ಸುಗಳನ್ನು ತೆಗೆದೆ. ಕಣ್ಣನ್ನು ಪರೀಕ್ಷಿಸಲು ನಮ್ಮಲ್ಲಿ ಸುತ್ತಿನ ತಟ್ಟೆ ಎಂಬುದೊಂದಿದೆ. ಬಿಳಿ ತಟ್ಟೆಯ ಮೇಲೆ ಒಂದರೊಳಗೊಂದು ಕಪ್ಪು ಸುತ್ತುಗಳು, ನಟ್ಟನಡುವೆ ಒಂದು ತೂತು. ಬೆಳಕಿಗೆ ಎದುರಾಗಿ ಹಿಡಿದು ತೂತಿನಿಂದ ನೋಡಿದರೆ ಎದುರಿನವರ ಕಣ್ಣಿನ ಮೇಲೆ ಆ ಸುತ್ತುಗಳು ಮೂಡಿರುತ್ತವೆ. ಕಣ್ಣು ಎಲ್ಲಿ ಹೇಗೆ ಬಾಗಿದೆಯೋ ಸುತ್ತು ಅಲ್ಲಿ ಹಾಗೆ ಎಳೆದುಕೊಂಡಿರುತ್ತದೆ. ಅಕ್ಕನ ಕಣ್ಣಿನಲ್ಲಿ ಸುತ್ತುಗಳು ಮೇಲಿನಿಂದ ಯಾರೋ ಅದುಮಿದಂತೆ ಚಪ್ಪಟೆಯಾಗಿದ್ದವು, ಬಿಳಿ ಚುಕ್ಕೆಯ ಬಳಿ ಒಡೆದುಹೋಗಿದ್ದವು. ಬಸ್ಸಿನವರ ಅಚ್ಚಿನ ಬಾಗೇ ಅದು, ಆದರೆ ಲೆನ್ಸು ತನ್ನ ಅಂಕೆ ಮೀರಿ ಒತ್ತಿಬಿಟ್ಟಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಹುಣ್ಣಾಗಿದೆ ಎಂದರು. ಗಂಟೆಗೊಮ್ಮೆ ಹಾಕಲು ಔಷಧಿ ಬರೆದುಕೊಟ್ಟು, ಅಕ್ಕನಿಗಲ್ಲ, ನನಗೆ ಹೇಳಿದರು: "ಹುಣ್ಣು ಹತ್ತು ದಿನಕ್ಕೆ ಮಾಯುತ್ತೆ. ಆದರೆ ಕಣ್ಣು ತನ್ನ ಆಕಾರಕ್ಕೆ ವಾಪಸು ಬಂದು ನಿಲ್ಲೋಕೆ ನಲವತ್ತು ದಿನ ಬೇಕು. ಅಲ್ಲೀವರೆಗೆ ದಿನಾ ಬದಲಾಗ್ತಾ ಇರುತ್ತೆ. ನಿಲ್ಲೋಕೆ ಮುಂಚೆ ಅಳತೆ ತಗೊಂಡು ಏನಾದ್ರೂ ಹಾಕಿದ್ರೆ ಮತ್ತೆ ಹುಣ್ಣಾಗುತ್ತೆ. ಇನ್ನೊಂದ್ಸಲ ಆದ್ರೆ ಎಡಗಣ್ಣು ಉಳಿಯಲ್ಲ."

ನಲವತ್ತು ದಿನ ಬರಿಗಣ್ಣಿನಲ್ಲಿದ್ದವರನ್ನು ನಾನು ನೋಡಿರಲಿಲ್ಲ. ನಮ್ಮಲ್ಲಿ ಒಂದು ಲೆನ್ಸು ತೆಗೆದ ಕೈಯಲ್ಲೇ ಇನ್ನೊಂದನ್ನು ಹಾಕುತ್ತೇವೆ. ನಡುವೆ ಕಣ್ಣಿಗೆ ಪುರಸೊತ್ತೇ ಇರುವುದಿಲ್ಲ.

ಮಧ್ಯಾಹ್ನ ಎರಡು ಟ್ರಿಪ್ಪುಗಳ ನಡುವೆ ಭಾವ ಬಂದರು. ರುದ್ರಮುನಿ ಎತ್ತರದ ಆಳು, ಮಾತು ಕಡಿಮೆ. ಅಂಗಡಿಯ ಬಾಗಿಲಲ್ಲೇ ನಿಂತು ಒಳಗೆ ಕೂತ ಅಕ್ಕನನ್ನು ನೋಡಿದರು. ಅವರ ಮನೆಯವರಿಗೆ ಹಾಗೆ ದೂರ ನಿಂತೇ ಅಭ್ಯಾಸ.

"ಹೆಂಗೈತೆ?" ಎಂದು ನನ್ನನ್ನು ಕೇಳಿದರು.

ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ.

"ಇರಲಿ, ತವರಲ್ಲೇ ಇರಲಿ. ಮನೇಲಿ ಹುಡುಗರು, ನಾನು ಹೆಂಗೋ ಮಾಡ್ಕೊಂತೀವಿ. ಆಮೇಲೆ ನಮ್ಮ ಅಚ್ಚು ಮತ್ತೆ ಕೂರ್ತದಾ?"

"ಕೂರಿಸಬಹುದು ಭಾವ. ಮತ್ತೆ ಆರು ತಿಂಗಳು ತಲೆನೋವು ಅನುಭವಿಸಬೇಕು."

ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ಈ ವಯಸ್ಸಿಗೆ ಮತ್ತೆ ಹೊಸ ಕಣ್ಣಿನ ಸೊಸೆ," ಎಂದು ನಗಲು ನೋಡಿದರು. ಅಕ್ಕ ನಗಲಿಲ್ಲ. ಧ್ವನಿ ಬಂದ ಕಡೆ ಮುಖ ಮಾಡಿ, "ಊಟಕ್ಕೆ ಏನು ಮಾಡ್ಕೊಂಡ್ರಿ?" ಎಂದು ಕೇಳಿದಳು.

ನನ್ನ ಹೆಂಡತಿ ಸರ್ವಮಂಗಳ ಅಕ್ಕನಿಗಾಗಿ ಮನೆಯನ್ನೇ ಬದಲಾಯಿಸಿದಳು. ಬಚ್ಚಲಿನಿಂದ ಅಡುಗೆಮನೆವರೆಗೆ ಹಗ್ಗ ಕಟ್ಟಿದಳು. ನೀರಿನ ಚೊಂಬು, ಔಷಧಿ, ಚಾಪೆ ಎಲ್ಲಕ್ಕೂ ಒಂದೊಂದು ಜಾಗ ಗೊತ್ತುಮಾಡಿ, ಅಲ್ಲಿಂದ ಅಂಗುಲ ಸರಿಸಿದರೆ ನನ್ನನ್ನು ಬೈಯುತ್ತಿದ್ದಳು. ಅಕ್ಕ ಅವರೆಕಾಯಿ ಸುಲಿದಳು, ಬೆಳ್ಳುಳ್ಳಿ ಬಿಡಿಸಿದಳು, ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಕೂತು ಬಂದವರ ಚಪ್ಪಲಿಯ ಸದ್ದಿನಿಂದಲೇ ಯಾರೆಂದು ಹೇಳಿ ಗಿರಾಕಿಗಳನ್ನು ಬೆರಗುಗೊಳಿಸಿದಳು. ಎಲ್ಲವೂ ಗಂಜಿಯಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ ಎನ್ನುತ್ತಿದ್ದಳು. ಒಂದು ದಿನ, "ಹೆಂಗೂ ಏನೂ ಕಾಣಲ್ಲ, ಆದ್ರೂ ಕಣ್ಣು ಹಗುರಾಗೈತೆ ಮಂಗಳಾ. ಇಷ್ಟು ವರ್ಷ ತಲೆ ಮೇಲೆ ಬಿಂದಿಗೆ ಇತ್ತು ಅಂತ ಇಳಿಸಿದ ಮೇಲೇ ಗೊತ್ತಾಗಿದ್ದು," ಎಂದಳು.

ದಿನಾ ಬೆಳಿಗ್ಗೆ ಎಂಟಕ್ಕೆ ಬಿಸಿಲು ಹೊಸ್ತಿಲಿಗೆ ಬರುತ್ತಿದ್ದಂತೆ ನಾನು ಅವಳನ್ನು ಕೂರಿಸಿ ತಟ್ಟೆ ಹಿಡಿಯುತ್ತಿದ್ದೆ. ಕಂಡ ಸುತ್ತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹತ್ತನೇ ದಿನಕ್ಕೆ ಹುಣ್ಣು ಮಾಯಿತು, ಚುಕ್ಕೆ ಮಸುಕಾಯಿತು. ಅಲ್ಲಿಂದ ಮುಂದೆ ಸುತ್ತುಗಳು ಚಲಿಸತೊಡಗಿದವು. ಚಪ್ಪಟೆಯಾಗಿದ್ದದ್ದು ಮೇಲೆದ್ದಿತು, ಎಡಕ್ಕೆ ಎಳೆದದ್ದು ಸಡಿಲಾಯಿತು. ಹಾಳೆ ತಿರುವಿದಂತೆಲ್ಲ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಅಕ್ಕನ ಕಣ್ಣು ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಬಸ್ಸಿನವರ ಮನೆಯಿಂದ ನಮ್ಮ ಮನೆಯ ಕಡೆಗೆ.

ಯಾರಿಗೂ ಹೇಳದೆ ಅಪ್ಪನ ಅಚ್ಚು ಹೊರಗೆ ತೆಗೆದು, ನಮ್ಮ ಮನೆಯ ಬಾಗಿನಲ್ಲಿ ಒಂದು ಜೋಡಿ ಲೆನ್ಸು ಕೊರೆದಿಟ್ಟೆ. ಎರಡು ಸಲ ಉಜ್ಜುವ ಕಡೆ ನಾಲ್ಕು ಸಲ ಉಜ್ಜಿದೆ. ಹದಿನೆಂಟನೇ ದಿನ ತಟ್ಟೆಯಲ್ಲಿ ಕಂಡ ಸುತ್ತುಗಳನ್ನು ಅಪ್ಪನ ಅಚ್ಚಿನ ಚಿತ್ರದ ಮೇಲಿಟ್ಟಾಗ ಗೆರೆಗೆ ಗೆರೆ ಕೂತಿತು. ನನಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಲೆನ್ಸಿನ ಬಟ್ಟಲು ಹಿಡಿದುಕೊಂಡು ಅಡುಗೆಮನೆಗೆ ಓಡಿದೆ.

"ಅಕ್ಕಾ, ನಮ್ಮನೆ ಕಣ್ಣು ಬಂತು! ಕೂತ್ಕೋ, ಹಾಕಿಬಿಡ್ತೀನಿ. ನಾಳೆಯಿಂದ ಸೂಜಿ ಹಿಡೀಬಹುದು."

ಅಕ್ಕ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು. ಸೂಜಿ ಎಂದದ್ದಕ್ಕೆ ಅವಳ ಮುಖದಲ್ಲಿ ಏನೋ ಹಾದುಹೋಯಿತು.

"ನಲವತ್ತು ದಿನ ಅಂದಿದ್ರಲ್ಲ?"

"ಅವರು ಎಲ್ಲರಿಗೂ ಹಂಗೇ ಹೇಳ್ತಾರೆ. ನಿಂದು ಬೇಗ ಬಂದೈತೆ."

"ಇವತ್ತಿನ ಸುತ್ತು ನಿನ್ನೆ ಥರಾನೇ ಐತಾ?"

"ನಿನ್ನೆ ಇನ್ನೂ ಸ್ವಲ್ಪ ಬಾಕಿ ಇತ್ತು. ಇವತ್ತು ಸರಿಯಾಗೈತೆ."

"ಅಂದ್ರೆ ಇನ್ನೂ ನಡೀತಾ ಐತೆ. ನಾಳೆಯೂ ಹಿಂಗೇ ಇದ್ರೆ ಹಾಕು," ಎಂದು ಅವಳು ಮತ್ತೆ ಅವರೆಕಾಯಿ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಸುತ್ತುಗಳು ಅಪ್ಪನ ಅಚ್ಚನ್ನು ದಾಟಿಹೋಗಿದ್ದವು. ಹೆಚ್ಚಲ್ಲ, ಒಂದು ಕೂದಲೆಳೆಯಷ್ಟು. ನಮ್ಮ ಕಣ್ಣಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಾಗದಷ್ಟು. ನಾನು ತಟ್ಟೆ ಹಿಡಿದುಕೊಂಡೇ ಬಹಳ ಹೊತ್ತು ನಿಂತೆ. ಈಗ ಲೆನ್ಸು ಹಾಕಿದರೆ ಕಣ್ಣು ಇಲ್ಲಿಯೇ ನಿಲ್ಲುತ್ತದೆ, ಹಾಕದಿದ್ದರೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಕೈಯಿಂದ ಮಾಡಿದ್ದನ್ನು ಅಳಿಸಿಹಾಕಲು ಇಷ್ಟೇ ಅವಕಾಶ ಎಂದು ನನಗೆ ಅನಿಸಿತು.

"ಹೆಂಗೈತೆ?" ಎಂದಳು ಅಕ್ಕ.

"ನಿನ್ನೆ ಥರಾನೇ ಐತೆ," ಎಂದೆ.

ಅವಳು ಕುತ್ತಿಗೆ ಓರೆ ಮಾಡಿದಳು. ಹದಿನೆಂಟು ದಿನ ಬರೀ ಧ್ವನಿಗಳನ್ನು ಕೇಳಿಕೊಂಡಿದ್ದವಳು. "ಮಂಗಳಾ, ಬಾ ಇಲ್ಲಿ. ಆ ತಟ್ಟೆ ಹಿಡಿದು ನೀನು ನೋಡು. ನಿನ್ನೆಯ ಚಿತ್ರ ಪಕ್ಕದಾಗೆ ಇಟ್ಕೋ," ಎಂದಳು.

ಮಂಗಳ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ತೂತಿನಿಂದ ನೋಡಿದಳು, ನೋಟ್‌ಬುಕ್ಕು ನೋಡಿದಳು, ಮತ್ತೆ ತೂತಿನಿಂದ ನೋಡಿದಳು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. "ಹಂಗಿಲ್ಲ ಅತ್ತಿಗೆ. ಬಲಗಡೆ ಸ್ವಲ್ಪ ಉಬ್ಬೈತೆ," ಎಂದಳು.

ನಾನು ಬಟ್ಟಲನ್ನು ಕಿಟಕಿಯ ಮೇಲೆ ಕುಕ್ಕಿದೆ. "ನಮ್ಮನೇಲಿ ಹುಟ್ಟಿದವಳು ಅವಳು. ಇದು ಅವಳ ಕಣ್ಣೇ. ಇದನ್ನು ಬಿಟ್ಟು ಇನ್ಯಾವುದು ಬೇಕು?"

"ಹುಟ್ಟಿದಾಗ ಅಪ್ಪನ ಅಚ್ಚು ಹಾಕ್ಕೊಂಡು ಹುಟ್ಟಿದ್ನೇನೋ?" ಎಂದಳು ಅಕ್ಕ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಹನ್ನೆರಡು ತುಂಬಿದಾಗ ಹಾಕಿದ್ರು. ಆವಾಗಲೂ ಆರು ತಿಂಗಳು ತಲೆ ಸಿಡೀತಿತ್ತು, ನಿನಗೆ ನೆನಪಿಲ್ಲ. ಅವ್ವ ಹಣೆಗೆ ಒದ್ದೆ ಬಟ್ಟೆ ಕಟ್ಟಿ ಹಿತ್ತಲಲ್ಲಿ ಕೂರಿಸ್ತಿದ್ಲು. ಅದಕ್ಕೆ ಮುಂಚೆ ನನಗೆ ಹೆಂಗೆ ಕಾಣ್ತಿತ್ತು ಅಂತ ನೆನಪು ಮಾಡ್ಕೊಳೋಕೆ ನೋಡ್ತೀನಿ, ಬರಲ್ಲ. ನೋಡೋಣ ಕೊಟ್ರಾ. ಎಲ್ಲಿ ನಿಲ್ಲುತ್ತೋ ನೋಡೋಣ. ಸೂಜಿ ಅಂತ ಆಸೆ ತೋರಿಸಬ್ಯಾಡ ನನಗೆ."

ಆ ದಿನವಿಡೀ ಮಂಗಳ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕುವಾಗ ಬಂದು ಪಕ್ಕದಲ್ಲಿ ನಿಂತಳು. ಅವಳು ಅಂಚೆ ಹಂಚುವವರ ಮನೆಯ ಮಗಳು. ಅವಳ ತವರಿನ ಅಚ್ಚಿನಲ್ಲಿ ಬೀದಿಯಲ್ಲಿ ನಡೆಯುತ್ತಲೇ ಎರಡೂ ಸಾಲಿನ ಬಾಗಿಲುಗಳ ಹೆಸರು ಓದಬಹುದಂತೆ. ಇಪ್ಪತ್ತಮೂರು ವರ್ಷದಿಂದ ನಮ್ಮ ಮನೆಯ ಲೆನ್ಸಿನಲ್ಲಿ ನನ್ನ ಜೊತೆ ಅಂಚು ಉಜ್ಜುತ್ತಿದ್ದಾಳೆ.

"ಅಕ್ಕನಿಗೆ ಸುಳ್ಳು ಹೇಳಿದ್ರಲ್ಲ," ಎಂದಳು.

"ಅವಳ ಒಳ್ಳೇದಕ್ಕೆ."

"ಇರಬಹುದು. ನನ್ನ ಕಣ್ಣು ಹೆಂಗಿತ್ತು ಅಂತ ಒಂದಿನಾನಾದ್ರೂ ಕೇಳಿದ್ರಾ ನೀವು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಬೀಗ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಅಲ್ಲಿಂದ ಮುಂದೆ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆದೆ. ಇಪ್ಪತ್ತೈದನೇ ದಿನಕ್ಕೆ ಸುತ್ತುಗಳು ನಮ್ಮ ಮನೆಯ ಬಾಗನ್ನು ಬಿಟ್ಟು ಬಹಳ ದೂರ ಹೋಗಿದ್ದವು. ಮೂವತ್ತಕ್ಕೆ ನಿಧಾನವಾದವು. ಮೂವತ್ತಾರರಿಂದ ನಲವತ್ತರವರೆಗೆ ಐದು ದಿನ ಒಂದೇ ಚಿತ್ರ. ಗುಂಡಗಿರಲಿಲ್ಲ. ಕೈಯಿಂದ ಮಾಡಿದ ಕುಡಿಕೆಯ ಬಾಯಿಯಂತೆ ಸ್ವಲ್ಪ ವಾರೆಯಾಗಿ, ಬಲಕ್ಕೆ ತುಸು ಉಬ್ಬಿ, ಎರಡೂ ಕಣ್ಣಿನಲ್ಲಿ ಒಂದಕ್ಕೊಂದು ಹೊಂದುವ ಹಾಗಿತ್ತು. ಡಾಕ್ಟರಮ್ಮ ನೋಡಿ, "ನಿಂತಿದೆ. ಈಗ ಅಳತೆ ತಗೋಬಹುದು," ಎಂದರು.

ಅಳತೆ ತೆಗೆದುಕೊಂಡೆ. ಆದರೆ ಆ ಅಳತೆಗೆ ಅಚ್ಚೆಲ್ಲಿದೆ? ಅಚ್ಚುಮನೆಯಲ್ಲಿ ಊರಿನ ಎಲ್ಲ ಮನೆಗಳ ಅಚ್ಚಿಗೂ ಒಂದೊಂದು ಪ್ರತಿಯಿದೆ, ಒಟ್ಟು ಮುನ್ನೂರ ಹನ್ನೆರಡು. ಎರಡು ದಿನ ಅಲ್ಲಿ ಕೂತು ಒಂದೊಂದನ್ನೂ ತೆಗೆದು ಹೋಲಿಸಿದೆ. ವಂಶ ನಿಂತುಹೋದ ಮನೆಗಳ ಅಚ್ಚುಗಳನ್ನೂ ಧೂಳು ಕೊಡವಿ ನೋಡಿದೆ. ಅಕ್ಕನ ಕಣ್ಣು ಯಾವ ಮನೆಯದೂ ಆಗಿರಲಿಲ್ಲ.

ಅಚ್ಚುಮನೆಯ ಯಜಮಾನರು ಮರುಳಸಿದ್ದಪ್ಪನವರು. ಎಂಬತ್ತರ ಹತ್ತಿರದ ವಯಸ್ಸು, ನನ್ನ ಅಪ್ಪನಿಗೂ ಮುದ್ರೆ ಕೊಟ್ಟವರು. ಕದ್ದು ಮಾಡುವುದು ಬೇಡವೆಂದು ನಾನು ಅವರ ಮುಂದೆ ನೋಟ್‌ಬುಕ್ಕು ಇಟ್ಟೆ. ಅವರು ನಲವತ್ತೂ ಹಾಳೆಗಳನ್ನು ತಾಳ್ಮೆಯಿಂದ ತಿರುವಿದರು. ಹದಿನೆಂಟನೇ ಹಾಳೆಯಲ್ಲಿ ಬೆರಳಿಟ್ಟು, "ಇಲ್ಲಿ ನಿಲ್ಲಿಸಿದ್ರೆ ಆಗ್ತಿತ್ತಲ್ಲೋ," ಎಂದರು.

"ಅವಳು ಬ್ಯಾಡ ಅಂದಳು, ಯಜಮಾನ್ರೇ."

"ಈಗ ಕೊರೆದ್ರೆ ಡಬ್ಬಿ ಮೇಲೆ ಯಾವ ಮನೆ ಅಂತ ಬರೀತೀಯ?"

"ಮನೆ ಬರೆಯಲ್ಲ. ಜಯಶೀಲ ಅಂತ ಬರೀತೀನಿ."

ಅವರು ಗದರಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟರು. "ನೋಡಪ್ಪಾ, ನಮ್ಮೂರಲ್ಲಿ ಒಂದು ಮನೆಯೊಳಗೆ ಎಷ್ಟೇ ಜಗಳ ಆಗಲಿ, ಎದುರಿಗಿರೋದು ಏನು ಅನ್ನೋದಕ್ಕೆ ಜಗಳ ಆಗಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಕೆಂಪನ್ನ ಕೆಂಪು ಅಂತಾರೆ. ಇವತ್ತು ನಿಮ್ಮಕ್ಕ, ನಾಳೆ ಎಲ್ಲ ಮನೆ ಸೊಸೇರೂ ಬಂದು ನನ್ನ ಕಣ್ಣು ನಿಲ್ಲೋ ತನಕ ಕಾಯ್ತೀನಿ ಅಂತ ಕೂತ್ರೆ? ಹತ್ತಿರದ್ದು ಯಾವುದೋ ಒಂದು ಅಚ್ಚಲ್ಲಿ ಕೊರೆದು ಹಾಕು. ಕಣ್ಣು ಒಗ್ಗಿಕೊಳ್ತದೆ. ಒಗ್ಗಿಕೊಳ್ಳೋದೇ ಕಣ್ಣಿನ ಗುಣ."

"ಹುಣ್ಣಾಗಿತ್ತು ಯಜಮಾನ್ರೇ."

"ಮಲಗೋವಾಗ ತೆಗೆದಿಡೋಕೆ ಹೇಳು."

ಅವರ ಮಾತಿನಲ್ಲಿ ತಪ್ಪು ಹುಡುಕುವುದು ನನಗೆ ಸುಲಭವಾಗಲಿಲ್ಲ. ನಾನೂ ಇಪ್ಪತ್ತೊಂಬತ್ತು ವರ್ಷ ಎಷ್ಟೋ ಹೆಣ್ಣುಮಕ್ಕಳಿಗೆ ಅದನ್ನೇ ಹೇಳಿದ್ದೆ. ಕೈಮುಗಿದು ಎದ್ದುಬಂದೆ. ಬಂದವನು ಅಂಗಡಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಕೊರೆಯಲು ಕೂತೆ. ಆ ತಪ್ಪಿಗೆ ಮುಂದಿನ ತಿಂಗಳೇ ನನ್ನ ಮುದ್ರೆ ಹೋಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆಯ ಕೊನೆಗೆ ಹೇಳುವಷ್ಟು ದೊಡ್ಡ ಸಂಗತಿಯಾಗಿ ಅದು ನನಗೆ ಉಳಿದಿಲ್ಲ. ಈಗ ಬೇರೆಯವರ ಅಂಗಡಿಗಳಿಗೆ ಅಂಚು ಉಜ್ಜಿಕೊಡುತ್ತೇನೆ. ಮಂಗಳ ಜೊತೆಗಿದ್ದಾಳೆ.

ಅಚ್ಚಿಲ್ಲದೆ ಕೊರೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅಚ್ಚಿದ್ದಾಗ ಕೈ ತಾನೇ ದಾರಿ ಹಿಡಿದು ಹೋಗುತ್ತದೆ. ಇಲ್ಲಿ ಸ್ವಲ್ಪ ಕೊರೆದು, ತೊಳೆದು, ಅಕ್ಕನ ಕಣ್ಣಿಗಿಟ್ಟು, "ಒತ್ತುತ್ತಾ?" ಎಂದು ಕೇಳಬೇಕಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಯಾರನ್ನೂ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಒತ್ತುತ್ತದೆ ಎಂದೇ ಎಲ್ಲರಿಗೂ ಗೊತ್ತಿತ್ತು. ಅಕ್ಕ ಮೊದಮೊದಲು ಸಂಕೋಚಪಟ್ಟು, "ಪರವಾಗಿಲ್ಲ ಬಿಡು," ಎನ್ನುತ್ತಿದ್ದಳು. "ಪರವಾಗಿಲ್ಲ ಅನ್ನಬ್ಯಾಡಕ್ಕಾ, ಎಲ್ಲಿ ಅಂತ ಹೇಳು," ಎಂದು ನಾನು ಗೋಗರೆದ ಮೇಲೆ ಸರಿಯಾಗಿ ಹೇಳತೊಡಗಿದಳು. ಮೇಲೆ. ಮೂಗಿನ ಕಡೆ. ಈಗ ಕೆಳಗೆ. ಹತ್ತು ಜೋಡಿ ಹಾಳಾದವು. ಹನ್ನೊಂದನೆಯದನ್ನು ಹಾಕಿ ನಾನು ಕೇಳುವ ಮೊದಲೇ ಅವಳು, "ಹಾಕಿದ್ಯಾ?" ಎಂದಳು.

ಅವಳು ಕಣ್ಣು ಮಿಟುಕಿಸಿದಳು. ನಾನು ಪತ್ರಿಕೆ ಕೊಟ್ಟೆ. ಅಕ್ಕ ಹತ್ತಿರ ಹಿಡಿದಳು, ತಲೆಯಾಡಿಸಿದಳು. ಅಕ್ಷರ ಮಂಜು ಮಂಜು. ಮಂಗಳ ಕರಿಸೀರೆಯ ಅಂಚನ್ನು ಮುಂದೆ ಹಿಡಿದಳು. ನೇಯ್ಗೆಯ ಎಳೆ ಕಾಣಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ರಸ್ತೆಯ ತುದಿ ತೋರಿಸಿದೆವು. ಅಲ್ಲಿ ಬರುತ್ತಿದ್ದದ್ದು ಬಸ್ಸೋ ಲಾರಿಯೋ ಅವಳಿಗೆ ತಿಳಿಯಲಿಲ್ಲ. ದೂರವೂ ಇಲ್ಲ, ಹತ್ತಿರವೂ ಇಲ್ಲ, ರಫು ಅಂತೂ ಇಲ್ಲವೇ ಇಲ್ಲ. ಒಳಗೆ ಬಂದ ಮೇಲೆ ಅಕ್ಕ ಅಂಗಡಿಯ ಮಧ್ಯದಲ್ಲಿ ನಿಂತು ಸುತ್ತಲೂ ನೋಡಿದಳು. ಒಂದು ತೋಳಿನುದ್ದದಿಂದ ಹಿಡಿದು ಎದುರು ಗೋಡೆಯವರೆಗೆ, ಅಷ್ಟರೊಳಗಿನದು ಮಾತ್ರ ಅವಳಿಗೆ ಕಾಣುತ್ತಿತ್ತು. ಆದರೆ ಅಷ್ಟರೊಳಗೆ ಎಲ್ಲವೂ ಕಾಣುತ್ತಿತ್ತು.

"ಇಷ್ಟಕ್ಕೇನಾ ಅಕ್ಕಾ ನಲವತ್ತು ದಿನ ಕಾದಿದ್ದು?" ಎಂದುಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. ನೋಡುತ್ತಲೇ ಇದ್ದಳು. "ನಿನಗೆ ವಯಸ್ಸಾಗಿಬಿಟ್ಟೈತಲ್ಲೋ ಕೊಟ್ರಾ," ಎಂದಳು. "ಥೇಟ್ ಅವ್ವನ ಥರ ಕೂತೈತೆ ನಿನ್ನ ಬಾಯಿ."

ಭಾವನಿಗೆ ಹೇಳಿಕಳಿಸಿದ್ದೆವು. ಮರುದಿನ ಬೆಳಿಗ್ಗೆ ಹತ್ತರ ಟ್ರಿಪ್ಪಿನಲ್ಲಿ ಬಂದರು. ಬಸ್ಸನ್ನು ನಮ್ಮ ಬೀದಿಯ ತಿರುವಿನಲ್ಲೇ ನಿಲ್ಲಿಸಿ, ಜನರನ್ನೆಲ್ಲ ಒಳಗೆ ಕೂರಿಸಿ ಇಳಿದು ಬಂದಿದ್ದರು. ಎಂದಿನಂತೆ ಬಾಗಿಲಲ್ಲಿ ನಿಂತರು. ನಾನು ಎಲ್ಲವನ್ನೂ ಹೇಳಿದೆ. ಎರಡೂ ಮನೆಯದಲ್ಲದ ಮೂರನೆಯ ಅಳತೆ, ಯಜಮಾನರ ಮಾತು, ಕಾಣುವುದೆಷ್ಟು, ಕಾಣದ್ದೆಷ್ಟು. ಅವರು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು.

"ನಮ್ಮದು ಮತ್ತೆ ಹಾಕೋ ಹಂಗಿಲ್ಲ ಅನ್ನು."

"ಹಾಕಬಹುದು. ಅವಳು ಒಪ್ಪಬೇಕು."

ಅವರು ಅಕ್ಕನ ಕಡೆ ನೋಡಿದರು. "ಏನಂತೀಯ ಜಯಾ?"

"ಬರ್ತೀನಿ," ಎಂದಳು ಅಕ್ಕ. "ಈ ಕಣ್ಣಾಗೇ ಬರ್ತೀನಿ. ಬ್ಯಾಡ ಅಂದ್ರೆ ಇಲ್ಲೇ ಇರ್ತೀನಿ."

ಭಾವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಅವರ ಮನೆಯವರು ಮಾಳಿಗೆ ಹತ್ತಿ ಕೂತು ದೂರದ ರಸ್ತೆ ನೋಡುತ್ತ, ಬರುವ ಬಸ್ಸು ಯಾರದೆಂದು ಮಾತಾಡುತ್ತ ಕಾಫಿ ಕುಡಿಯುವವರು. ಅಲ್ಲಿ ಇವಳು ಏನನ್ನು ನೋಡುತ್ತ ಕೂರುತ್ತಾಳೆ?

"ಎಲ್ಲರಿಗೂ ಒಂದು ಕಂಡ್ರೆ ನಿನಗೊಂದು ಕಾಣ್ತದೆ," ಎಂದರು ಕೊನೆಗೆ. "ಹೆಂಗೆ ನಿಭಾಯಿಸ್ತೀಯ?"

"ಕೇಳ್ತೀನಿ. ನಿಮಗೇನು ಕಾಣ್ತದೆ ಅಂತ ನಾನು ಕೇಳ್ತೀನಿ, ನನಗೇನು ಕಾಣ್ತದೆ ಅಂತ ನೀವು ಕೇಳಿ."

ಹಾಗೆ ಹೇಳುತ್ತ ಅವಳು ಬೆಂಚಿನಿಂದ ಎದ್ದು ಅವರ ಕಡೆ ನಡೆದಳು. ಒಂದು ತೋಳಿನುದ್ದದ ದೂರಕ್ಕೆ ಬಂದು ನಿಂತಳು. ಭಾವ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವರು ಹೊಸ್ತಿಲ ಮೇಲೆ ಕಾಲಿಟ್ಟರು.

"ಯಾಕೆ ಹಿಂದೆ ಹೋಗ್ತೀರಿ?"

"ಇಷ್ಟು ಹತ್ತಿರ ಬಂದ್ರೆ ನನಗೆ ನೀನು ಕಾಣಲ್ಲ ಕಣೇ."

"ನನಗೆ ನೀವು ಕಾಣ್ತೀರಿ. ಸ್ವಲ್ಪ ಹೊತ್ತು ಹಂಗೇ ನಿಲ್ಲಿ."

ಅವರು ನಿಂತರು. ಕಾಣದ ಕಡೆ ಮುಖ ಮಾಡಿ ನಿಲ್ಲುವುದು ಅವರಂಥವರಿಗೆ ಎಷ್ಟು ಕಷ್ಟವೆಂದು ಕತ್ತಿನ ನರ ನೋಡಿದರೆ ಗೊತ್ತಾಗುತ್ತಿತ್ತು. ಅಕ್ಕ ಅವರ ಮುಖವನ್ನು ನೋಡಿದಳು. ಒಂದು ಫರ್ಲಾಂಗಿನಿಂದ ಬರೀ ನಡಿಗೆಯಲ್ಲೇ ಅವರನ್ನು ಗುರುತಿಸುತ್ತಿದ್ದವಳು ಅವಳು. ಕೈ ಎತ್ತಿ ಅವರ ಎಡ ಹುಬ್ಬಿನ ಮೇಲೆ ಬೆರಳಿಟ್ಟಳು.

"ಇದೇನಿದು, ಸುಟ್ಟ ಕಲೆ?"

"ರೇಡಿಯೇಟರ್ ಮುಚ್ಚಳ ಬಿಚ್ಚೋವಾಗ ಬಿಸಿನೀರು ಹಾರಿತ್ತು. ಹತ್ತು ಹನ್ನೆರಡು ವರ್ಷ ಆಯ್ತು."

"ಹೇಳಲೇ ಇಲ್ಲ ನೀವು."

"ಕಣ್ಣಿಗೇನೂ ಆಗಿರಲಿಲ್ಲ. ಮನೇಲಿ ಯಾರೂ ನೋಡಲೂ ಇಲ್ಲ. ಅದಕ್ಕೇ ಬಿಟ್ಟೆ."

ಬೀದಿಯ ತಿರುವಿನಿಂದ ಕಂಡಕ್ಟರ್ ಸೀಟಿ ಊದಿದ. ಭಾವ ಕದಲಲಿಲ್ಲ. ಎರಡನೇ ಸಲ ಊದಿದ. ಬಸ್ಸಿನೊಳಗಿನಿಂದ ಯಾರೋ ಕೂಗಿದ್ದೂ ಕೇಳಿಸಿತು. ಭಾವ ಮುಖವನ್ನು ಹಾಗೆಯೇ ಇಟ್ಟುಕೊಂಡು, ಕುತ್ತಿಗೆಯನ್ನೂ ತಿರುಗಿಸದೆ, "ಐದು ನಿಮಿಷ ತಡೆಯೋ, ಬರ್ತೀನಿ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಆಮೇಲೆ ಧ್ವನಿ ತಗ್ಗಿಸಿ, "ಇನ್ನೇನೈತೆ ನನ್ನ ಮುಖದಾಗೆ, ಹೇಳು," ಎಂದರು.

ಅಕ್ಕ ಹಣೆಯಿಂದ ಶುರುಮಾಡಿ ಒಂದೊಂದಾಗಿ ಹೇಳತೊಡಗಿದಳು.